ಜಗಲಿಯಲ್ಲಿ ಒಲೆ ಹೂಡಬೇಡ ಅನ್ನಿ

ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ಅಕ್ಕ ಕಾಂಪೌಂಡ್ ಗೋಡೆ ಹತ್ತಿರ ಬಂದರು. "ನಮ್ಮ ಹುಡುಗಿಗೆ ಯೂನಿವರ್ಸಿಟೀಲಿ ಅದೇನೋ ಕ್ಲಸ್ಟರ್ ಅಕೌಂಟ್ ಕೊಟ್ಟಿದಾರಂತೆ ಕಣಪ್ಪಾ. ಲ್ಯಾಪ್‌ಟಾಪಿಗಿಂತ ನಿಧಾನ ಅಂತ ಎರಡು ದಿನದಿಂದ ಫೋನಲ್ಲಿ ಒಂದೇ ಗೋಳು."

ಗಿಡಕ್ಕೆ ಬಿಡುತ್ತಿದ್ದ ಪೈಪು ಕೆಳಗಿಟ್ಟೆ. "ಅವಳು ಬರೆಯೋದು ಆರ್‌ನಲ್ಲಿ ತಾನೆ ಅಕ್ಕಾ? ಆಕ್ಲೆಂಡ್ ಯೂನಿವರ್ಸಿಟೀಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಅಂತ ಇಬ್ಬರು ಮೇಷ್ಟ್ರು ಕಟ್ಟಿದ ಭಾಷೆ. 1.0.0 ಬಂದದ್ದು 2000ದ ಫೆಬ್ರವರಿ 29ಕ್ಕೆ. ಅನ್ನ ಹಾಕಿದ ಭಾಷೆ, ಅದಕ್ಕೇ ತಾರೀಖು ನೆನಪಿದೆ. ನಾವಾಗಿ ಹೇಳದಿದ್ದರೆ ಅದು ಹೆಚ್ಚುಕಮ್ಮಿ ಒಂದೇ ಕೋರ್‌ನಲ್ಲಿ ಓಡುತ್ತೆ. ಇವಳು 32 ಕೋರ್ ಕೇಳಿದ್ರೆ 31 ಸುಮ್ಮನೆ ಕೂತಿರುತ್ತೆ. ಪಂಕ್ತೀಲಿ ಒಬ್ಬಳಿಗೇ 32 ಎಲೆ ಹಾಸಿಸಿದ ಹಾಗೆ. ಹೊರಗೆ ಹಸಿದೋರು ಕಾಯ್ತಿರ್ತಾರೆ."

"ಅಯ್ಯೋ, ಬೈಯ್ಯಲ್ವೇ ಯಾರೂ?"

"ಅದಕ್ಕಿಂತ ಮೊದಲು ಬೈಸಿಕೊಳ್ಳೋ ಜಾಗ ಇನ್ನೊಂದಿದೆ. ಕ್ಲಸ್ಟರ್ ಅಂದ್ರೆ ಎಲ್ಲರೂ ಹಂಚಿಕೊಳ್ಳೋ ಯಂತ್ರಗಳ ಗುಂಪು. ಲಾಗಿನ್ ಆದ ಕೂಡಲೇ ಸಿಗೋದು ಲಾಗಿನ್ ನೋಡ್, ಅದು ಜಗಲಿ. ಎಲ್ಲರೂ ಅದರ ಮೇಲೇ ಓಡಾಡಬೇಕು. ಫೈಲ್ ತಿದ್ದಿ, ಜಾಬ್ ಹಾಕಿ ಎದ್ದುಬಿಡಬೇಕು. ಅಲ್ಲೇ ಒಲೆ ಹೂಡಿದರೆ ಅಡ್ಮಿನ್ ಬಂದು ನೀರು ಹೊಯ್ತಾರೆ. ಅಡುಗೆಮನೆ ಒಳಗಿದೆ, ಕಂಪ್ಯೂಟ್ ನೋಡ್ ಅಂತಾರೆ. ಎಷ್ಟು ಕೋರ್, ಎಷ್ಟು ಮೆಮರಿ, ಎಷ್ಟು ಗಂಟೆ ಅಂತ ಬರೆದು ಎಸ್‌ಬ್ಯಾಚ್ ಆಜ್ಞೆ ಕೊಟ್ಟರೆ, ಸ್ಲರ್ಮ್ ಅನ್ನೋ ಮೇಲ್ವಿಚಾರಕ ಪ್ರೋಗ್ರಾಮ್ ಸರದಿ ನೋಡಿ ಒಳಗೆ ಬಿಡುತ್ತೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ ಯಂತ್ರ. ಅಷ್ಟು ದೊಡ್ಡದಾದರೂ ಸರದಿ ತಪ್ಪಲ್ಲ."

ಅಕ್ಕ ಗೋಡೆಗೆ ಒರಗಿ ನಿಂತರು. ನನಗೂ ಹೇಳಬೇಕಾದ್ದು ಇನ್ನೂ ಇತ್ತು.

"ನನಗಾದದ್ದು ಕೇಳಿ. ಪಿಎಚ್‌ಡಿ ಮಾಡ್ತಿದ್ದಾಗ ನಾಲ್ಕು ಕೋರ್, 16 ಜಿಬಿ ಕೇಳಿ ರಾತ್ರಿ ಜಾಬ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಫಲಿತಾಂಶದ ಫೈಲೇ ಇಲ್ಲ. ಲಾಗ್‌ನ ಕೊನೇ ಸಾಲಲ್ಲಿ 'ಔಟ್ ಆಫ್ ಮೆಮರಿ'. ಶುರುವಾಗಿ ಎರಡೇ ನಿಮಿಷಕ್ಕೆ ಸತ್ತಿತ್ತು. ಪ್ರೋಗ್ರಾಮ್‌ನಲ್ಲಿ ಡಿಟೆಕ್ಟ್‌ಕೋರ್ಸ್ ಅಂತ ಬರೆದಿದ್ದೆ. ಅದು ಯಂತ್ರದಲ್ಲಿರೋ ಕೋರ್ ಎಣಿಸುತ್ತೆ, ನಮಗೆ ಕೊಟ್ಟದ್ದನ್ನಲ್ಲ. 40 ಅಂತು. ಆರ್ 40 ಆಳು ಎಬ್ಬಿಸಿತು, ಒಬ್ಬೊಬ್ಬನ ಕೈಗೂ ಡೇಟಾದ ಒಂದೊಂದು ಪ್ರತಿ. ಪ್ರತಿಗೆ ಒಂದು ಜಿಬಿ ಹಿಡಿದರೂ 40 ಆಯ್ತಲ್ಲ! ಸ್ಲರ್ಮ್ ಕತ್ತು ಹಿಸುಕಿತು. ಎಷ್ಟು ಕೊಟ್ಟಿದಾರೆ ಅಂತ ಸ್ಲರ್ಮ್‌ನನ್ನೇ ಕೇಳಬೇಕಿತ್ತು. ಅದು ಒಂದು ಸಾಲಿನ ಕೆಲಸ."

ಆರ್‌ಗೆ ಎಲ್ಲವೂ ಮೆಮರಿಯಲ್ಲೇ ಬೇಕು. ಕೋಟಿ ಸಾಲು, 50 ಕಾಲಂ ಅಂಕಿ ಅಂದರೆ ಅಂಕಿಗೆ ಎಂಟು ಬೈಟ್ ಲೆಕ್ಕದಲ್ಲಿ ಸುಮಾರು ನಾಲ್ಕು ಜಿಬಿ. ಮಧ್ಯೆ ಒಂದು ಪ್ರತಿ ಎದ್ದರೆ ಎಂಟು. ಅಕ್ಕ ಇದನ್ನು ಬೆರಳಲ್ಲಿ ಎಣಿಸಿ ನೋಡಿದರು. ಮದುವೆ ಮನೆಗೆ ಅಕ್ಕಿ ಅಳೆಯುವವರಿಗೆ ಈ ಲೆಕ್ಕ ಹೊಸದಲ್ಲ.

"ಹತ್ತು ಸಾವಿರ ಸಲ ಮಾಡೋ ಲೆಕ್ಕ ಇದ್ದರೆ ನೂರು ಸಣ್ಣ ಜಾಬ್ ಮಾಡಿ ಒಟ್ಟಿಗೆ ಅರೇ ಆಗಿ ಹಾಕಲಿ ಅಕ್ಕಾ. ಸಣ್ಣವು ಸಂದಿಲಿ ತೂರಿ ಬೇಗ ಮುಗೀತವೆ. ಆದರೆ ಲೆಕ್ಕದಲ್ಲಿ ಯಾದೃಚ್ಛಿಕ ಅಂಕಿಗಳಿದ್ದು, ಅವನ್ನು ಶುರುಮಾಡೋ ಸೀಡ್ ನೂರಕ್ಕೂ ಒಂದೇ ಇಟ್ಟರೆ ಒಂದೇ ಉತ್ತರ ನೂರು ಸಲ ಬರುತ್ತೆ. ಅದು ದೊಡ್ಡ ಅಪಾಯ, ಯಾಕಂದ್ರೆ ತಪ್ಪು ಅಂತ ಯಾವ ಯಂತ್ರವೂ ಕೂಗಿ ಹೇಳಲ್ಲ."

"ಇಷ್ಟೆಲ್ಲ ನಾನು ಹೇಗಪ್ಪಾ ಹೇಳಲಿ?"

"ಎಷ್ಟು ಕೋರ್ ಕೇಳಿದ್ದೀಯ, ಪ್ರೋಗ್ರಾಮ್‌ಗೆ ಎಷ್ಟು ಅಂತ ಹೇಳಿದ್ದೀಯ, ಅಷ್ಟೇ ಕೇಳಿ. ಎರಡೂ ಒಂದೇ ಇಲ್ಲ ಅಂದರೆ ಫೋನ್ ನನಗೆ ಕೊಡಿ."

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಳಗಿಂದ ಹಾಲಿನ ಲೆಕ್ಕದ ಚೀಟಿ ತಂದು ಅದರ ಹಿಂದೆ ಬರೆದುಕೊಂಡರು.