ಈಕ್ವಲ್ ಟು ಇಲ್ಲದವನ ಗಗನಯಾತ್ರೆ

ನಮ್ಮ ಇಂಜಿನಿಯರ್ ಮಹಾಶಯರಿಗೆ ಅಂಗಿ ಜೇಬೆಂದರೆ ಅದೇನು ಮೋಹವೋ! ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಬಿಲ್ ಹ್ಯೂಲೆಟ್ ತಮ್ಮ ಕಂಪನಿಯದೇ 18 ಕೆಜಿ ತೂಕದ ಮೇಜಿನ ಕ್ಯಾಲ್ಕ್ಯುಲೇಟರನ್ನು ನೋಡಿ, ಇದನ್ನೇ ನನ್ನ ಜೇಬಿಗೆ ಹಿಡಿಸಿ ಕೊಡಿ ಎಂದರಂತೆ. ಮಾರುಕಟ್ಟೆ ಪಂಡಿತರು ಸಮೀಕ್ಷೆ ಮಾಡಿ, ಇಷ್ಟು ದುಬಾರಿ ಸಾಮಾನನ್ನು ಯಾರೂ ಮೂಸುವುದಿಲ್ಲ ಎಂದು ಷರಾ ಬರೆದರು. ಯಜಮಾನರ ಆಸೆಗೆ ಷರಾ ಎಲ್ಲಿಯ ಲೆಕ್ಕ? 1972ರಲ್ಲಿ 395 ಡಾಲರ್ ಬೆಲೆಯ ಎಚ್‌ಪಿ-35 ಬಂತು. ಮೊದಲ ವರ್ಷವೇ ಲಕ್ಷದಷ್ಟು ಖರ್ಚಾಯಿತು. ಲೆಕ್ಕದ ಜಾರುಪಟ್ಟಿ, ಅಂದರೆ ಸ್ಲೈಡ್ ರೂಲ್ ಮಾಡುತ್ತಿದ್ದವರು ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚಿದರು.

ಮಜಾ ಏನೆಂದರೆ, ಇದ್ದ 35 ಗುಂಡಿಗಳಲ್ಲಿ ಈಕ್ವಲ್ ಟು ಒಂದೇ ಇಲ್ಲ! ಮೂರಕ್ಕೆ ನಾಲ್ಕು ಕೂಡಿಸಬೇಕೇ? ಮೂರು ಒತ್ತಿ, ಎಂಟರ್ ಒತ್ತಿ, ನಾಲ್ಕು ಒತ್ತಿ, ಕೊನೆಗೆ ಪ್ಲಸ್ ಒತ್ತಿ. ಅಭ್ಯಾಸವಾದವರಿಗೆ ಇದೇ ಸಲೀಸು. ಆವರಣ ಚಿಹ್ನೆಗಳ ಕಾಟವಿಲ್ಲ. ಉಳಿದವರಿಗೆ ಕಬ್ಬಿಣದ ಕಡಲೆ. ಎರವಲು ಒಯ್ದವನು ಎರಡೇ ನಿಮಿಷದಲ್ಲಿ ತಾನಾಗಿ ತಂದು ಕೊಡುತ್ತಾನೆ. ಇಂಥ ಗುಣ ಪುಸ್ತಕಗಳಿಗೂ ಇರಬಾರದಿತ್ತೇ!

ಜೇಬು ಸೇರಿದವನು ಅಲ್ಲಿಗೇ ಸುಮ್ಮನಾಗಲಿಲ್ಲ, ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಏರಿ ಅಂತರಿಕ್ಷಕ್ಕೂ ಹೋಗಿಬಂದ. 1975ರ ಜುಲೈನಲ್ಲಿ ಅಮೆರಿಕದ ಅಪೋಲೊ, ರಷ್ಯನ್ನರ ಸೋಯುಜ್ ನೌಕೆಗಳು ಅಂತರಿಕ್ಷದಲ್ಲಿ ಕೈಕುಲುಕಿದಾಗ ಇವನ ತಮ್ಮ ಎಚ್‌ಪಿ-65 ಜೊತೆಗಿದ್ದ. ಈ ತಮ್ಮನಿಗೆ ಪುಟ್ಟ ಅಯಸ್ಕಾಂತದ ಪಟ್ಟಿಯಿಂದ ಪ್ರೋಗ್ರಾಂ ಉಣಿಸಬಹುದಿತ್ತು. ಅಪೋಲೊದಲ್ಲಿ 32 ಕೆಜಿಯ ಕಂಪ್ಯೂಟರ್ ಕೂತಿದ್ದರೂ ಲೆಕ್ಕ ತಾಳೆ ನೋಡಲು ಈ ಪುಟಾಣಿ ಬೇಕಾಯಿತು! 1981ರಲ್ಲಿ ಸ್ಪೇಸ್ ಶಟಲ್ ಮೊದಲ ಸಲ ಹಾರಿದಾಗ ಐದು ಕಂಪ್ಯೂಟರುಗಳಿದ್ದವು. ಆದರೂ ಎಚ್‌ಪಿ-41ಸಿ ಹತ್ತಿತು. ಯಾವ ಭೂಕೇಂದ್ರ ಯಾವಾಗ ಮಾತಿಗೆ ಸಿಗುತ್ತದೆಂದು ಹೇಳುವ ಕೆಲಸ ಅದರದು. ಐವರ ಮೇಲೂ ಪೂರ್ತಿ ಭರವಸೆ ಇಡದ ಆ ಗಗನಯಾತ್ರಿಗಳು ನನಗೆ ಬಹಳ ಇಷ್ಟ.

ಇಂಥ ಘನವಂಶದ ಹಿರಿಯನಿಗೂ ಒಂದು ಚಾಳಿ ಇತ್ತೆನ್ನಿ. ಮೊದಮೊದಲ ಎಚ್‌ಪಿ-35ಗಳಲ್ಲಿ 2.02ಕ್ಕೆ ಲಾಗ್ ತೆಗೆದು ಮತ್ತೆ ಹಿಂದಕ್ಕೆ ತಿರುಗಿಸಿದರೆ ಬರುತ್ತಿದ್ದುದು ಬರೀ 2. ಚಿಲ್ಲರೆ ಇಲ್ಲ ಎನ್ನುವ ಬಸ್ ಕಂಡಕ್ಟರನ ಹಾಗೆ ಉಳಿದದ್ದು ಗುಳುಂ! ಕಂಪನಿ ಮುಚ್ಚಿಡಲಿಲ್ಲ, ಕೊಂಡವರಿಗೆಲ್ಲ ತಿಳಿಸಿ ಬದಲಿಸಿ ಕೊಡುತ್ತೇವೆಂದಿತು. ಎಷ್ಟೋ ಜನ ತಮ್ಮದನ್ನು ಮರಳಿ ಕೊಡಲೇ ಇಲ್ಲ.

ಅಮೆರಿಕದಲ್ಲಿರುವ ದೊಡ್ಡಪ್ಪನ ಡ್ರಾಯರಿನಲ್ಲಿ ಅಂಥದ್ದೊಂದು ಸಿಕ್ಕರೆ 2.02 ಒತ್ತಿ ನೋಡಿ. ಉತ್ತರ ತಪ್ಪಿದ್ದರೆ ರಿಪೇರಿಗೆ ಮಾತ್ರ ಕೊಡಬೇಡಿ. ಸಂಗ್ರಹಕಾರರು ಆ ತಪ್ಪಿಗೇ ಹೆಚ್ಚು ದುಡ್ಡು ಕೊಡುತ್ತಾರೆ.