ರಾಯರ ಮಗಳ ಆರು ವರ್ಷ

ಪಕ್ಕದ ಮನೆ ರಾಯರಿಗೆ ಈಗ ಕೆನಡಾ ಹಿಡಿದಿದೆ. ಹೋಗುವವಳು ಮಗಳು, ಜ್ವರ ಮಾತ್ರ ಅಪ್ಪನಿಗೆ.

“ಆರು ವರ್ಷ ಅನುಭವ ಇದೆ ಸಾರ್ ನಮ್ಮ ಹುಡುಗಿಗೆ. ಅರ್ಜಿ ಹಾಕಿದ್ರೆ ಮುಗೀತು” ಅಂದರು ಮೊನ್ನೆ, ಕಾಂಪೌಂಡ್ ಮೇಲೆ ಮೊಣಕೈ ಊರಿ. ನನ್ನ ತಂಗಿಯ ಮಗ ಕೆನಡಾದವರು ವಲಸಿಗರನ್ನು ಅಂಕ ಹಾಕಿ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲೇ ಹೋದವನು. ಅವನ ಜೊತೆ ಕೂತು ಕಾಗದ ಜೋಡಿಸಿದವನು ನಾನು. ಬಾಯಿ ಸುಮ್ಮನಿರಲಿಲ್ಲ.

“ಆರು ಹೇಗೆ ಬಂತು ರಾಯರೇ? ಮೊದಲ ಆರು ತಿಂಗಳು ಇಂಟರ್ನ್‌ಶಿಪ್ ಅಂದಿದ್ರಿ. ಸಂಬಳ ಕೊಟ್ರಾ?”

“ಸರ್ಟಿಫಿಕೇಟ್ ಕೊಟ್ರು.”

ಅದು ಹೋಯಿತು. ಸಂಬಳ ಬಂದರೇ ಕೆನಡಾದವರ ಪ್ರಕಾರ ಅದು ಕೆಲಸ. “ಮಧ್ಯೆ ಕಂಪನಿ ಬಿಟ್ಟು ನಾಲ್ಕು ತಿಂಗಳು ಮನೇಲಿದ್ಳಲ್ಲ, ನಮ್ಮನೆಗೆ ಹಪ್ಪಳ ಒತ್ತೋಕೆ ಬರ್ತಿದ್ಳು?” ಅದೂ ಹೋಯಿತು. ಉಳಿದದ್ದು ಐದು ವರ್ಷ ಎರಡು ತಿಂಗಳು. ರಾಯರ ಮುಖ ಸಪ್ಪೆಯಾಯಿತು. “ಹತ್ತಿರ ಹತ್ತಿರ ಆರೇ ಅಲ್ವಾ ಸಾರ್? ಹಾಗೇ ಬರೆದ್ರೆ ಯಾರು ನೋಡ್ತಾರೆ?”

ನೋಡುತ್ತಾರೆ, ತಿಂಗಳು ತಿಂಗಳು ಹಿಡಿದು ನೋಡುತ್ತಾರೆ. ಇಷ್ಟಕ್ಕೂ ಈ ಸುಳ್ಳಿನಿಂದ ಸಿಗುವುದೇನು? ಅರ್ಹತೆಯ ನೂರು ಅಂಕದ ಪಟ್ಟಿಯಲ್ಲಿ ಆರು ವರ್ಷಕ್ಕೆ 15, ಐದಕ್ಕೆ 13. ಒಟ್ಟು 67 ಬಂದರೆ ಪಾಸು. ಅದಾದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ 1200 ಅಂಕದ ಇನ್ನೊಂದು ಲೆಕ್ಕವಿದೆ. ಹೊರದೇಶದ ಅನುಭವ ಮೂರು ವರ್ಷ ತುಂಬಿದರೆ ಅಲ್ಲಿ ಮೂರೂ ಒಂದೇ, ಹದಿಮೂರೂ ಒಂದೇ. ಎರಡು ಅಂಕದ ಆಸೆಗೆ ಸುಳ್ಳು ಬರೆದು ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ಬಂದ್. ಇದಕ್ಕಿಂತ ದಡ್ಡ ವ್ಯಾಪಾರ ನಾನು ಕಂಡಿಲ್ಲ. ಹಾಗಂತ ಎರಡು ವರ್ಷ ಹನ್ನೊಂದು ತಿಂಗಳು ಇರುವವನು ಅವಸರಪಡಬಾರದು. ಅದು ಅವರಿಗೆ ಮೂರಲ್ಲ, ಎರಡೇ. ಕಾಯುತ್ತಲೇ ಕೂತರೂ ಕಷ್ಟ: ಮದುವೆಯಾಗದವರಿಗೆ 29ರವರೆಗೆ ವಯಸ್ಸಿನ ಅಂಕ 110, 30 ತುಂಬಿದ ದಿನ 105, ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಒಂದಷ್ಟು ಖೋತಾ.

ರಾಯರು ಸೋಲುವವರಲ್ಲ. “ವಾರಕ್ಕೆ ಎಷ್ಟು ಗಂಟೆ ಲೆಕ್ಕ?” 30 ಅಂದೆ. ವರ್ಷಕ್ಕೆ 1,560. “ಸರಿ ಹೋಯ್ತು! ಇವಳು ವಾರಕ್ಕೆ 60 ಗಂಟೆ ದುಡೀತಾಳೆ, ರಾತ್ರಿ ಹನ್ನೆರಡಕ್ಕೂ ಕಾಲ್ ಮೇಲೆ ಇರ್ತಾಳೆ. ಒಂದು ವರ್ಷ ಅಂದ್ರೆ ಎರಡು ವರ್ಷ ಆಯ್ತಲ್ಲ!”

ಆಗುವುದಿಲ್ಲ. 30ರ ಮೇಲೆ ದುಡಿದದ್ದೆಲ್ಲ ಬೆಂಗಳೂರಿಗೆ ದಾನ. ಆರು ತಿಂಗಳಲ್ಲಿ 1,560 ಗಂಟೆ ತುಂಬಿಸಿ ವರ್ಷವಾಯಿತು ಅನ್ನುವ ಹಾಗಿಲ್ಲ. ತಮಾಷೆ ಅಂದರೆ, ವಾರಕ್ಕೆ 15 ಗಂಟೆಯಂತೆ ಎರಡು ವರ್ಷ ಆರಾಮಾಗಿ ದುಡಿದವನಿಗೂ ಒಂದು ವರ್ಷ ಸಿಗುತ್ತದೆ. ನಮ್ಮ ಐಟಿ ಹುಡುಗರ ನಿದ್ದೆಗೆ ಅಲ್ಲಿ ಬೆಲೆಯಿಲ್ಲ.

ಇಷ್ಟೆಲ್ಲ ಸರಿಯಾದರೂ ನಿಜವಾದ ತಲೆನೋವು ಕಂಪನಿ ಕೊಡುವ ಅನುಭವ ಪತ್ರದ್ದು. ತಂಗಿಯ ಮಗನ ಮೊದಲ ಕಂಪನಿ ಕೊಟ್ಟ ಕಾಗದ ನಾಲ್ಕೇ ಸಾಲು: ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಹುದ್ದೆ ಸೀನಿಯರ್ ಅಸೋಸಿಯೇಟ್, ನಡತೆ ಚೆನ್ನಾಗಿತ್ತು, ಒಳ್ಳೆಯದಾಗಲಿ. ನಡತೆ ಕಟ್ಟಿಕೊಂಡು ಕೆನಡಾಕ್ಕೇನಾಗಬೇಕು? ಸೀನಿಯರ್ ಅಸೋಸಿಯೇಟ್ ಅಂದರೆ ಕೋಡ್ ಬರೆಯುವವನೋ, ಸಾಲ ವಸೂಲಿ ಮಾಡುವವನೋ, ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಹುದ್ದೆಯ ಹೆಸರು ನೋಡಿ ಒಪ್ಪುವುದಿಲ್ಲ, ಮಾಡಿದ ಕೆಲಸವನ್ನು ತಮ್ಮ ಉದ್ಯೋಗ ಪಟ್ಟಿಗೆ ಹೋಲಿಸುತ್ತಾರೆ. ಪಟ್ಟಿಯಲ್ಲಿ ಒಂದೊಂದು ಉದ್ಯೋಗಕ್ಕೂ ಒಂದು ಕೋಡ್: ಸಾಫ್ಟ್‌ವೇರ್ ಡೆವಲಪರ್ ಅಂದರೆ 21232, ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ 21231. ಕೋಡ್ ತಪ್ಪಾದರೆ ಕಥೆಯೇ ಬೇರೆ. ಹಾಗಂತ ಆ ಪಟ್ಟಿಯ ಸಾಲುಗಳನ್ನೇ ನಕಲು ಹೊಡೆದು ಪತ್ರಕ್ಕೆ ಅಂಟಿಸಿದರೆ ಅಧಿಕಾರಿಗೆ ಅನುಮಾನ ಬರದೆ ಇರುತ್ತದೆಯೇ?

ಎಚ್‌ಆರ್‌ನವರನ್ನು ಕೇಳಿದರೆ “ನಮ್ಮ ಫಾರ್ಮ್ಯಾಟ್ ಇದೇ” ಅಂದರು. ಕೊನೆಗೆ ಹಳೆಯ ಮ್ಯಾನೇಜರ್‌ನನ್ನು ಹುಡುಕಿ, ಕಾಫಿ ಕುಡಿಸಿ, ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿದ್ದಾಯಿತು. ಜೊತೆಗೆ ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಪತ್ರ ಯಾಕಿಲ್ಲ ಅಂತ ವಿವರಣೆ. ಅರ್ಜಿ ಹಾಕಲು ಕೆನಡಾದಿಂದ ಆಹ್ವಾನ ಬಂದ ಮೇಲೆ ಇರುವುದು 60 ದಿನ. ಕಂಪನಿಯೇ ಮುಚ್ಚಿಹೋಗಿದ್ದರೆ ಅಷ್ಟರಲ್ಲಿ ಮ್ಯಾನೇಜರ್‌ನನ್ನು ಎಲ್ಲಿ ಅಂತ ಹುಡುಕುವುದು?

ನಿಮ್ಮ ಮಗನೋ ಸೊಸೆಯೋ ಸದ್ಯ ಕಂಪನಿ ಬಿಡುವವರಿದ್ದರೆ ಇಷ್ಟು ಹೇಳಿ, ವಿದೇಶದ ಯೋಚನೆ ಇರಲಿ ಬಿಡಲಿ: ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಮೊದಲೇ, ಕಂಪನಿಯ ಲೆಟರ್‌ಹೆಡ್ ಮೇಲೆ, ಸೇರಿದ ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ಸಂಬಳ, ಏನೇನು ಕೆಲಸ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಲಿ.