ಗಟ್ಟಿಯ ಲೆಕ್ಕ

ಕಾರ್ಕಳದ ದೊಡ್ಡಮ್ಮ ಕೊಟ್ಟ ಹಲಸಿನಹಣ್ಣು ಟಿಕೆಟ್ ತೆಗೆಯದೆ, ಅರ್ಧ ಸೀಟು ಹಿಡಿದು ಬಸ್ಸಿನಲ್ಲಿ ಉಡುಪಿಗೆ ಬಂತು. ತುಳುವೆ ಹಣ್ಣು, ಕಂಡಕ್ಟರನಿಗೆ ವಾಸನೆಯೇ ಸುದ್ದಿ ಮುಟ್ಟಿಸಿತ್ತು. ಬಕ್ಕೆಯಾದರೆ ತೊಳೆ ಬಿಡಿಸಿ ಕಚ್ಚಿ ತಿನ್ನಬಹುದು. ತುಳುವೆ ಬಾಯಿಗಿಟ್ಟರೆ ಗಂಟಲಿಗೇ ಜಾರುವ ಜಾತಿ, ಅದಕ್ಕೆ ಗಟ್ಟಿಯೇ ಗತಿ.

ಅಮ್ಮ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಕುಳಿತಳು. ನೆನೆದ ಬೆಳ್ತಿಗೆ ಅಕ್ಕಿ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು, ಹಣ್ಣು ಎಲ್ಲ ಸೇರಿಸಿ ತರಿತರಿಯಾಗಿ ರುಬ್ಬಿ, ಸಾಗುವಾನಿ ಎಲೆಯಲ್ಲಿ ಮಡಚಿ ಹಬೆಗಿಟ್ಟಳು. ಬೇಯುವಾಗ ಎಲೆಯ ಕೆಂಪು ಗಟ್ಟಿಯ ಮೈಗಿಳಿಯುತ್ತದೆ. ಅದು ಅಂಗಡಿಯಿಂದ ತಂದ ಬಣ್ಣವೆಂದು ಬಹಳ ವರ್ಷ ನಂಬಿದ್ದೆ.

ತಂಗಿಯ ಮಗಳು ಮಣಿಪಾಲದಲ್ಲಿ ಆಹಾರ, ಪಥ್ಯಗಳ ವಿಷಯ ಓದುತ್ತಾಳೆ. 1953ರಲ್ಲಿ ಟಿ.ಎಂ.ಎ. ಪೈಗಳು ಆ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಶುರುಮಾಡಿದ್ದರ ಫಲ ನನ್ನ ತಟ್ಟೆಯವರೆಗೂ ಬಂದಿದೆ. ಮೊನ್ನೆ ಅಲ್ಲೇ ಒಂದು ಕಡೆ ಆ್ಯಪಲ್ ಪೈ ತಿನ್ನುತ್ತಿದ್ದಾಗ, "125 ಗ್ರಾಮಿನ ತುಂಡಿಗೆ ಹತ್ತಿರ ಹತ್ತಿರ 300 ಕ್ಯಾಲರಿ ಮಾವ, ಕೊಬ್ಬೇ 14 ಗ್ರಾಂ" ಎಂದಳು. ಸೇಬಿನದ್ದೇನೂ ತಪ್ಪಿಲ್ಲವಂತೆ, ಬೆಣ್ಣೆ ಕಲಸಿ ಲಟ್ಟಿಸಿದ ಮೈದಾ ಹೊದಿಕೆಯದ್ದೇ ಕಿತಾಪತಿ. ನಮ್ಮ ಗಟ್ಟಿಯ ಹೊದಿಕೆ ಎಲೆ, ತಿನ್ನದೆ ಬಿಸಾಡುತ್ತೇವೆ ಎಂದು ನಾನು ಬೀಗಿದೆ.

ಬೀಗಬಾರದಿತ್ತು. ಭಾನುವಾರ ಅವಳು ತಕ್ಕಡಿ ಹಿಡಿದೇ ಅಡುಗೆಮನೆಗೆ ಬಂದಳು. ಒಂದು ಗಟ್ಟಿಗೆ ಹಣ್ಣು 60 ಗ್ರಾಂ, ಅಂದರೆ 57 ಕ್ಯಾಲರಿ. ಅಕ್ಕಿ 30 ಗ್ರಾಂ, 108. ಬೆಲ್ಲ 20 ಗ್ರಾಂ, 76. ಕಾಯಿತುರಿ 15 ಗ್ರಾಂ, 53. ಕೂಡಿದರೆ 294! ಹೊದಿಕೆ ಬಿಸಾಡಿಯೂ ಪೈಯಷ್ಟೇ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ಕೊಬ್ಬು ಮಾತ್ರ 5 ಗ್ರಾಂ ಮಾವ, ಪೂರ್ತಿ ಸೋತಿಲ್ಲ" ಎಂದಳು. ಕಾಪುವಿನ ಅತ್ತಿಗೆ ಇದೇ ಹಿಟ್ಟನ್ನು ಕೊಂಚ ಗಟ್ಟಿಮಾಡಿ ಕಾದ ಎಣ್ಣೆಗೆ ಬಿಟ್ಟು ಮುಳ್ಕ ಮಾಡುತ್ತಾಳೆ. ಅದರ ಲೆಕ್ಕ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಮ್ಮ ಅಷ್ಟೂ ಹೊತ್ತು ಸುಮ್ಮನೆ ಎಲೆ ಬಿಡಿಸುತ್ತಿದ್ದಳು.

"ತುಪ್ಪ ಹಿಡಿದಿದ್ಯಾ ಮಗಾ ಲೆಕ್ಕಕ್ಕೆ?"

"ಇಲ್ಲ ಅಜ್ಜಿ."

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ" ಎಂದು ನನ್ನ ಬಿಸಿ ಗಟ್ಟಿಯ ಮೇಲೆ ಚಮಚ ಬಗ್ಗಿಸಿದಳು. ಚಮಚವೆಂದರೆ ಮಣಿಪಾಲದ ಚಮಚವಲ್ಲ, ಅಮ್ಮನದು. ತಂಗಿಯ ಮಗಳು ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ತನ್ನ ತಟ್ಟೆಯನ್ನೂ ಮುಂದೆ ತಳ್ಳಿದಳು.

ತಕ್ಕಡಿ ಅಷ್ಟರಲ್ಲಿ ಹಲಸಿನ ಮೇಣಕ್ಕೆ ಕಚ್ಚಿ ಕೂತಿತ್ತು. ಬಿಡಿಸಲು ಮತ್ತೆ ತೆಂಗಿನೆಣ್ಣೆಯೇ ಬೇಕಾಯಿತು.